ವರ್ಡ್‌ಪ್ರೆಸ್ ಅಪ್‌ಡೇಟ್: ಸೈಟ್ ಕೆಡಿಸಿಕೊಳ್ಳದೆ ಹೊಸ ಫೀಚರ್ ಬಳಸುವ ಸಮಗ್ರ ಮಾರ್ಗದರ್ಶಿ

“ಅಪ್‌ಡೇಟ್ ಮಾಡಿದೆ, ಮೆನು ಎಲ್ಲಿ ಹೋಯ್ತೋ ಗೊತ್ತಿಲ್ಲ.” “ಫಾಂಟ್ ಸೇರಿಸಬಹುದು ಅಂತಾರೆ, ನನ್ನ ಡ್ಯಾಶ್‌ಬೋರ್ಡ್‌ನಲ್ಲಿ ಆ ಜಾಗವೇ ಇಲ್ಲ.” “ಬಟನ್ ಒತ್ತಿದೆ ಅಷ್ಟೇ, ಸೈಟ್ ಪೂರ್ತಿ ಬಿಳಿ.” ವೆಬ್‌ಸೈಟ್ ನಡೆಸುವ ಸಾಫ್ಟ್‌ವೇರ್ ಆದ ವರ್ಡ್‌ಪ್ರೆಸ್‌ನ ದೊಡ್ಡ ವರ್ಷನ್ ಬಂದಾಗಲೆಲ್ಲ ಇವೇ ಮೂರು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ.

ಮೂರಕ್ಕೂ ಬೇರು ಬಹುತೇಕ ಎರಡೇ. ಎಲ್ಲವನ್ನೂ ಒಟ್ಟಿಗೆ ಅಪ್‌ಡೇಟ್ ಮಾಡಿರುತ್ತಾರೆ. ತಮ್ಮ ಥೀಮ್ (ಸೈಟ್‌ನ ನೋಟ ನಿರ್ಧರಿಸುವ ಫೈಲ್‌ಗಳ ಕಟ್ಟು) ಯಾವ ಜಾತಿಯದು ಎಂದು ನೋಡಿರುವುದಿಲ್ಲ. ಈ ಎರಡನ್ನು ಸರಿಪಡಿಸಿಕೊಂಡರೆ ಮುಕ್ಕಾಲು ಪಾಲು ತೊಂದರೆ ಹುಟ್ಟುವುದೇ ಇಲ್ಲ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮಧ್ಯದ ಹಂತ ಹಾರಿಸಿದರೆ ಮುಂದಿನದು ಕೈಕೊಡುತ್ತದೆ.

## ಮೊದಲು ಕೈಯಲ್ಲಿ ಇರಬೇಕಾದವು

- ಹೋಸ್ಟಿಂಗ್ ಪ್ಯಾನೆಲ್‌ನ (ಸೈಟ್‌ಗೆ ಸರ್ವರ್ ಜಾಗ ಕೊಟ್ಟವರ ನಿಯಂತ್ರಣ ಪುಟದ) ಲಾಗಿನ್. ವರ್ಡ್‌ಪ್ರೆಸ್ ಲಾಗಿನ್ ಮಾತ್ರ ಇದ್ದರೆ ಸಾಲದು. ಸೈಟ್ ತೆರೆಯದೇ ಹೋದ ದಿನ ಡ್ಯಾಶ್‌ಬೋರ್ಡ್ ಕೂಡ ತೆರೆಯದಿರಬಹುದು.
- ಸರ್ವರ್‌ನ ಫೈಲ್‌ಗಳನ್ನು ಮುಟ್ಟಲು ಪ್ಯಾನೆಲ್‌ನ ಫೈಲ್ ಮ್ಯಾನೇಜರ್ ಅಥವಾ ಎಫ್‌ಟಿಪಿ. ಒಂದು ಫೋಲ್ಡರ್‌ನ ಹೆಸರು ಬದಲಿಸುವಷ್ಟು ಬಂದರೆ ಸಾಕು.
- ಸೆಟ್ಟಿಂಗ್ಸ್‌ನ ಜನರಲ್ ಪುಟದಲ್ಲಿರುವ ಅಡ್ಮಿನ್ ಇಮೇಲ್. ಅದು ನೀವು ದಿನಾ ತೆರೆಯುವ ವಿಳಾಸವೇ ಎಂದು ಈಗಲೇ ನೋಡಿ. ಸೈಟ್ ಮಾಡಿಕೊಟ್ಟವರ ವಿಳಾಸವೇ ವರ್ಷಗಟ್ಟಲೆ ಅಲ್ಲಿ ಉಳಿದಿರುವುದು ಬಹಳ ಸಾಮಾನ್ಯ. ಏಳನೇ ಹಂತದಲ್ಲಿ ಇದರ ಬೆಲೆ ಗೊತ್ತಾಗುತ್ತದೆ.
- ಒಂದು ಗಂಟೆ ಬಿಡುವು. ಹೊರಡುವ ಗಡಿಬಿಡಿಯಲ್ಲಿ ಅಪ್‌ಡೇಟ್ ಬಟನ್ ಒತ್ತಬೇಡಿ.

## ಹಂತ 1: ಈಗಿನ ಸ್ಥಿತಿ ಬರೆದಿಡಿ

ಟೂಲ್ಸ್ ಮೆನುವಿನಲ್ಲಿ ಸೈಟ್ ಹೆಲ್ತ್ ತೆರೆಯಿರಿ. ಅಲ್ಲಿ ಇನ್ಫೋ ಎಂಬ ಟ್ಯಾಬ್ ಇದೆ. ವರ್ಡ್‌ಪ್ರೆಸ್ ವರ್ಷನ್, ಪಿಎಚ್‌ಪಿ (ವರ್ಡ್‌ಪ್ರೆಸ್ ಓಡಲು ಸರ್ವರ್‌ನಲ್ಲಿರಬೇಕಾದ ಭಾಷೆ) ವರ್ಷನ್, ಥೀಮ್, ಪ್ಲಗಿನ್‌ಗಳ (ಹೆಚ್ಚುವರಿ ಸೌಲಭ್ಯ ಸೇರಿಸುವ ತುಣುಕುಗಳ) ಪಟ್ಟಿ ಎಲ್ಲ ಒಂದೇ ಕಡೆ ಸಿಗುತ್ತವೆ. ಮೇಲಿನ ಕಾಪಿ ಬಟನ್ ಒತ್ತಿ, ಎಲ್ಲವನ್ನೂ ಒಂದು ಫೈಲ್‌ಗೆ ಅಂಟಿಸಿಡಿ. ಏನಾದರೂ ಕೆಟ್ಟರೆ “ಮೊದಲು ಯಾವ ವರ್ಷನ್ ಇತ್ತು?” ಎಂಬುದೇ ಮೊದಲ ಪ್ರಶ್ನೆ.

ಪಿಎಚ್‌ಪಿ ವರ್ಷನ್ ಕಡೆ ಗಮನ ಕೊಡಿ. ವರ್ಡ್‌ಪ್ರೆಸ್ 6.6ಕ್ಕೆ ಕನಿಷ್ಠ ಪಿಎಚ್‌ಪಿ 7.2.24 ಬೇಕು. ಅದಕ್ಕಿಂತ ಹಳೆಯದಿದ್ದರೆ ಸೈಟ್ 6.5ರ ಸಾಲಿನಲ್ಲೇ ನಿಂತುಬಿಡುತ್ತದೆ. “ನನಗೆ ಹೊಸ ವರ್ಷನ್ ಬರುತ್ತಲೇ ಇಲ್ಲ” ಎನ್ನುವವರಲ್ಲಿ ಹಲವರ ಕಾರಣ ಇದು. ಪಿಎಚ್‌ಪಿ ಬದಲಿಸುವುದು ಹೋಸ್ಟಿಂಗ್ ಪ್ಯಾನೆಲ್‌ನಲ್ಲಿ. ಆದರೆ ಅದೂ ಒಂದು ದೊಡ್ಡ ಬದಲಾವಣೆಯೇ, ವರ್ಡ್‌ಪ್ರೆಸ್ ಅಪ್‌ಡೇಟ್ ದಿನವೇ ಅದನ್ನೂ ಮಾಡಬೇಡಿ.

ಇನ್ನು ಥೀಮ್. ಅಪಿಯರೆನ್ಸ್ ಮೆನು ತೆರೆದು ನೋಡಿ. ಒಳಗೆ ಬರೀ ಎಡಿಟರ್ ಎಂದಿದ್ದರೆ ನಿಮ್ಮದು ಬ್ಲಾಕ್ ಥೀಮ್, ಅಂದರೆ ಪುಟದ ಎಲ್ಲ ಭಾಗವನ್ನೂ ಬ್ಲಾಕ್ ಎಂಬ ತುಣುಕುಗಳಿಂದ ಕಟ್ಟುವಂಥದು. ಕಸ್ಟಮೈಸ್, ವಿಜೆಟ್ಸ್, ಮೆನುಸ್ ಎಂದಿದ್ದರೆ ಕ್ಲಾಸಿಕ್ ಥೀಮ್. ಈ ಒಂದು ಸಾಲನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ. ಆರನೇ ಹಂತ ಪೂರ್ತಿ ಇದರ ಮೇಲೆ ನಿಂತಿದೆ.

ವರ್ಷನ್ ನಂಬರ್ ಓದುವುದನ್ನೂ ಕಲಿತಿರಿ. 6.4ರಿಂದ 6.5 ದೊಡ್ಡ ಅಪ್‌ಡೇಟ್, ಹೊಸ ಫೀಚರ್ ಬರುವುದು ಇದರಲ್ಲಿ. 6.5.2ರಿಂದ 6.5.3 ಸಣ್ಣದು, ಭದ್ರತೆ ಮತ್ತು ದೋಷ ತಿದ್ದುವುದಕ್ಕೆ. 5.9ರಿಂದ 6.0ಕ್ಕೆ ಹೋದಾಗ ಏನೋ ಭಾರಿ ಬದಲಾವಣೆ ಎಂದು ಜನ ಹೆದರಿದ್ದರು. ಆದರೆ ಅದು 6.0ರಿಂದ 6.1ಕ್ಕೆ ಹೋದಷ್ಟೇ. ವರ್ಡ್‌ಪ್ರೆಸ್‌ನಲ್ಲಿ ಮೊದಲ ಅಂಕಿಗೆ ವಿಶೇಷ ಅರ್ಥವಿಲ್ಲ.

## ಹಂತ 2: ಬ್ಯಾಕಪ್, ಎರಡೂ ಭಾಗ

ವರ್ಡ್‌ಪ್ರೆಸ್ ಸೈಟ್‌ಗೆ ಎರಡು ಭಾಗ. ಬರಹ, ಸೆಟ್ಟಿಂಗ್, ಕಾಮೆಂಟ್ ಎಲ್ಲ ಡೇಟಾಬೇಸ್‌ನಲ್ಲಿ ಇರುತ್ತವೆ. ಚಿತ್ರ, ಥೀಮ್, ಪ್ಲಗಿನ್ ಫೈಲ್‌ಗಳಾಗಿ ಇರುತ್ತವೆ. ಒಂದನ್ನು ಮಾತ್ರ ಉಳಿಸಿಕೊಂಡರೆ ಅದು ಬ್ಯಾಕಪ್ ಅಲ್ಲ. ಡೇಟಾಬೇಸ್ ಮಾತ್ರ ಉಳಿಸಿಕೊಂಡಿದ್ದ ಒಂದು ಸೈಟ್ ನನ್ನ ಹತ್ತಿರ ಬಂದಿತ್ತು. ಬರಹವೆಲ್ಲ ವಾಪಸ್ ಬಂತು, ಚಿತ್ರ ಒಂದೂ ಬರಲಿಲ್ಲ. ಅವುಗಳನ್ನು ಎಲ್ಲಿಂದ ತರುವುದು ಎಂದು ಕೇಳಿದವರಿಗೆ ಹೇಳಲು ನನ್ನ ಬಳಿ ಉತ್ತರವೇ ಇರಲಿಲ್ಲ.

ಇಲ್ಲಿ ಆಗುವ ತಪ್ಪುಗಳು ಮೂರು. ಮೊದಲನೆಯದು, ಟೂಲ್ಸ್‌ನಲ್ಲಿರುವ ಎಕ್ಸ್‌ಪೋರ್ಟ್ ಅನ್ನು ಬ್ಯಾಕಪ್ ಎಂದು ನಂಬುವುದು. ಅದು ಕೊಡುವುದು ಬರಹಗಳ ಒಂದು ಫೈಲ್ ಅಷ್ಟೇ. ಅದರಲ್ಲಿ ಚಿತ್ರದ ಫೈಲ್ ಇಲ್ಲ, ಥೀಮ್ ಇಲ್ಲ, ಪ್ಲಗಿನ್ ಸೆಟ್ಟಿಂಗ್ ಇಲ್ಲ. ಎರಡನೆಯದು, ಬ್ಯಾಕಪ್ ಫೈಲನ್ನು ಅದೇ ಸರ್ವರ್‌ನಲ್ಲಿ ಬಿಡುವುದು. ಸರ್ವರ್ ಹೋದರೆ ಅದೂ ಹೋಯಿತು. ನಿಮ್ಮ ಕಂಪ್ಯೂಟರ್‌ಗೋ ಬೇರೆ ಕ್ಲೌಡ್ ಜಾಗಕ್ಕೋ ಇಳಿಸಿಕೊಳ್ಳಿ. ಮೂರನೆಯದು, ಆ ಬ್ಯಾಕಪ್‌ನಿಂದ ಸೈಟ್ ಮತ್ತೆ ಎದ್ದು ನಿಲ್ಲುತ್ತದೆಯೇ ಎಂದು ಒಮ್ಮೆಯೂ ನೋಡದಿರುವುದು. ಇದಕ್ಕೆ ಮುಂದಿನ ಹಂತವೇ ಪರೀಕ್ಷೆ.

## ಹಂತ 3: ಪ್ರಯೋಗಕ್ಕೆ ಒಂದು ನಕಲು

ಈಗ ತೆಗೆದ ಬ್ಯಾಕಪ್‌ನಿಂದಲೇ ಸೈಟ್‌ನ ನಕಲು ಮಾಡಿ. ಇದಕ್ಕೆ ಸ್ಟೇಜಿಂಗ್ ಎನ್ನುತ್ತಾರೆ. ಎಷ್ಟೋ ಹೋಸ್ಟಿಂಗ್ ಪ್ಯಾನೆಲ್‌ಗಳಲ್ಲಿ ಇದಕ್ಕೊಂದು ಬಟನ್ ಇರುತ್ತದೆ. ಇಲ್ಲದಿದ್ದರೆ ಸಬ್‌ಡೊಮೈನ್‌ನಲ್ಲಿ ಅಥವಾ ನಿಮ್ಮ ಕಂಪ್ಯೂಟರ್‌ನಲ್ಲೇ ಇನ್‌ಸ್ಟಾಲ್ ಮಾಡಿಕೊಳ್ಳಬಹುದು.

ನಕಲು ಸಿದ್ಧವಾದ ಕೂಡಲೇ ಎರಡು ಕೆಲಸ ಮಾಡಿ. ಸೆಟ್ಟಿಂಗ್ಸ್‌ನ ರೀಡಿಂಗ್ ಪುಟದಲ್ಲಿ ಸರ್ಚ್ ಎಂಜಿನ್‌ಗಳು ಬರಬೇಡಿ ಎನ್ನುವ ಗುರುತು ಹಾಕಿ. ಸೈಟ್‌ನಿಂದ ಇಮೇಲ್ ಹೋಗುವುದನ್ನು ನಿಲ್ಲಿಸಿ. ಇದನ್ನು ಮರೆತರೆ, ನೀವು ಸುಮ್ನೆ ಪ್ರಯೋಗ ಮಾಡುತ್ತಿರುವಾಗ ನಿಜವಾದ ಗ್ರಾಹಕರಿಗೆ ಮೇಲ್ ಹೋಗುತ್ತದೆ.

ಇನ್ನೊಂದು ಎಚ್ಚರಿಕೆ ಬಹಳ ಮುಖ್ಯ. ಸ್ಟೇಜಿಂಗ್‌ನಲ್ಲಿ ಎಲ್ಲ ಸರಿಯಾಯಿತು ಎಂದು ಅದರ ಡೇಟಾಬೇಸನ್ನು ನಿಜವಾದ ಸೈಟ್ ಮೇಲೆ ತಳ್ಳಬೇಡಿ. ಅಷ್ಟರಲ್ಲಿ ನಿಜವಾದ ಸೈಟ್‌ಗೆ ಬಂದ ಆರ್ಡರ್, ಕಾಮೆಂಟ್, ಹೊಸ ಸದಸ್ಯರು ಎಲ್ಲ ಅಳಿಸಿಹೋಗುತ್ತಾರೆ. ಸ್ಟೇಜಿಂಗ್ ಇರುವುದು ಕಲಿಯುವುದಕ್ಕೆ. ಅಲ್ಲಿ ಗೆದ್ದ ಹೆಜ್ಜೆಗಳನ್ನು ನಿಜವಾದ ಸೈಟ್‌ನಲ್ಲಿ ಮತ್ತೆ ಕೈಯಾರೆ ಮಾಡಿ.

## ಹಂತ 4: ಯಾವುದು ಮೊದಲು, ಯಾವುದು ಆಮೇಲೆ

ನಾನು ಅನುಸರಿಸುವ ಕ್ರಮ: ಪ್ಲಗಿನ್‌ಗಳು, ಆಮೇಲೆ ಥೀಮ್, ಕೊನೆಗೆ ವರ್ಡ್‌ಪ್ರೆಸ್. ಒಳ್ಳೆಯ ಪ್ಲಗಿನ್ ಬರೆಯುವವರು ವರ್ಡ್‌ಪ್ರೆಸ್‌ನ ಹೊಸ ವರ್ಷನ್ ಬರುವ ಮುಂಚೆಯೇ ಅದಕ್ಕೆ ಹೊಂದುವ ಅಪ್‌ಡೇಟ್ ಕೊಟ್ಟಿರುತ್ತಾರೆ. ಹೀಗಾಗಿ ಮನೆಯವರನ್ನು ಮೊದಲು ಸಿದ್ಧಮಾಡಿ, ಆಮೇಲೆ ಮನೆ ಬದಲಿಸುವುದು ಸುರಕ್ಷಿತ. ಯಾವುದಾದರೂ ಪ್ಲಗಿನ್ ಹೊಸ ವರ್ಡ್‌ಪ್ರೆಸ್ ಇಲ್ಲದೆ ಅಪ್‌ಡೇಟ್ ಆಗುವುದಿಲ್ಲ ಎಂದು ಹೇಳಿದರೆ ಅದೊಂದನ್ನು ಕೊನೆಗೆ ಬಿಡಿ.

ಒಂದು ಪ್ಲಗಿನ್ ಅಪ್‌ಡೇಟ್ ಮಾಡಿ. ಸೈಟ್ ತೆರೆದು ನೋಡಿ. ಆಮೇಲೆ ಇನ್ನೊಂದು. “ಸೆಲೆಕ್ಟ್ ಆಲ್” ಒತ್ತಿ 20 ಪ್ಲಗಿನ್ ಒಟ್ಟಿಗೆ ಅಪ್‌ಡೇಟ್ ಮಾಡಿದರೆ, ಕೆಟ್ಟದ್ದು ಯಾವುದರಿಂದ ಎಂದು ಹುಡುಕುವುದಕ್ಕೆ ಅರ್ಧ ದಿನ ಬೇಕಾಗುತ್ತದೆ. ಪೇಜ್ ಬಿಲ್ಡರ್ (ಪುಟದ ವಿನ್ಯಾಸ ಕಟ್ಟುವ) ಮತ್ತು ಅಂಗಡಿ ನಡೆಸುವ ಪ್ಲಗಿನ್‌ಗಳನ್ನಂತೂ ಒಂದೊಂದಾಗಿಯೇ ಮಾಡಿ.

ಅಪ್‌ಡೇಟ್ ಪುಟದಲ್ಲಿ ಪ್ಲಗಿನ್ ಪಕ್ಕ “ಹೊಂದುತ್ತದೆ: 100%” ಎಂಬರ್ಥದ ಸಾಲು ಕಾಣಬಹುದು. ಅದು ಪ್ಲಗಿನ್ ಬರೆದವರೇ ಹೇಳಿಕೊಂಡ ಮಾತು. ನಿಮ್ಮ ಸೈಟ್‌ನಲ್ಲಿ ಯಾರೂ ಪರೀಕ್ಷೆ ಮಾಡಿಲ್ಲ.

ಅಪ್‌ಡೇಟ್ ಓಡುತ್ತಿರುವಾಗ ಟ್ಯಾಬ್ ಮುಚ್ಚಬೇಡಿ, ರೀಫ್ರೆಶ್ ಮಾಡಬೇಡಿ.

ಥೀಮ್ ಅಪ್‌ಡೇಟ್‌ಗೆ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಥೀಮ್‌ನ ಫೈಲ್‌ಗಳನ್ನೇ ಯಾರಾದರೂ ನೇರವಾಗಿ ತಿದ್ದಿದ್ದಾರೆಯೇ? ತಿದ್ದಿದ್ದರೆ ಅಪ್‌ಡೇಟ್ ಆ ತಿದ್ದುಪಡಿಯನ್ನೆಲ್ಲ ಅಳಿಸುತ್ತದೆ. ಮೊದಲು ಅವನ್ನು ಚೈಲ್ಡ್ ಥೀಮ್‌ಗೆ (ಮೂಲ ಥೀಮ್ ಮುಟ್ಟದೆ ತಿದ್ದುಪಡಿ ಮಾತ್ರ ಇಡುವ ಪ್ರತ್ಯೇಕ ಥೀಮ್‌ಗೆ) ಸಾಗಿಸಿ.

ಆಟೋ ಅಪ್‌ಡೇಟ್ ಬಗ್ಗೆ ಎರಡು ಮಾತು. ವರ್ಡ್‌ಪ್ರೆಸ್‌ನ ಸಣ್ಣ ವರ್ಷನ್‌ಗಳು 2013ರ 3.7ರಿಂದಲೂ ತಾವೇ ಇನ್‌ಸ್ಟಾಲ್ ಆಗುತ್ತವೆ. ಅದನ್ನು ಆಫ್ ಮಾಡಬೇಡಿ. ಪ್ಲಗಿನ್ ಆಟೋ ಅಪ್‌ಡೇಟ್‌ನಲ್ಲಿ ಸೈಟ್ ಬಿದ್ದರೆ ಹಳೆಯ ವರ್ಷನ್‌ಗೆ ತಾನೇ ಮರಳುವ ವ್ಯವಸ್ಥೆ 2024ರ 6.6ರಲ್ಲಿ ಬಂದಿದೆ. ಆದರೆ ಅದು ಹಿಡಿಯುವುದು ಪಿಎಚ್‌ಪಿಯ ಮಾರಕ ದೋಷವನ್ನು ಮಾತ್ರ. ಫಾರ್ಮ್ ಕೆಲಸ ಮಾಡದಿದ್ದರೆ, ಪುಟದ ವಿನ್ಯಾಸ ಒಡೆದರೆ ಅದಕ್ಕೆ ಗೊತ್ತೇ ಆಗುವುದಿಲ್ಲ.

## ಹಂತ 5: ಮುಗಿದ ಮೊದಲ 10 ನಿಮಿಷ

ದೊಡ್ಡ ಅಪ್‌ಡೇಟ್ ಆದ ಮೇಲೆ ಲಾಗಿನ್ ಮಾಡುವಾಗ “ಡೇಟಾಬೇಸ್ ಅಪ್‌ಡೇಟ್ ಬೇಕು” ಎಂಬ ಪುಟ ಬರಬಹುದು. ಹೆದರಬೇಡಿ, ಅದು ಸಹಜ. ಬ್ಯಾಕಪ್ ಇದೆ ತಾನೆ? ಒತ್ತಿ ಮುಂದೆ ಹೋಗಿ.

ನಂತರ ಕ್ಯಾಶ್ (ಬೇಗ ತೋರಿಸಲು ಉಳಿಸಿಟ್ಟ ಪುಟದ ಪ್ರತಿಗಳು) ಖಾಲಿ ಮಾಡಿ. ಮೊದಲು ಕ್ಯಾಶ್ ಪ್ಲಗಿನ್, ಆಮೇಲೆ ಹೋಸ್ಟಿಂಗ್ ಅಥವಾ ಸಿಡಿಎನ್ (ಪುಟದ ಪ್ರತಿಗಳನ್ನು ಹಲವು ಕಡೆಯ ಸರ್ವರ್‌ಗಳಲ್ಲಿ ಇಡುವ ಸೇವೆ), ಕೊನೆಗೆ ನಿಮ್ಮ ಬ್ರೌಸರ್. ಒಳಗಿನಿಂದ ಹೊರಗೆ ಹೋಗಬೇಕು. ತಿರುಗಾ ಮುರುಗಾ ಮಾಡಿದರೆ ಹೊರಗಿನ ಕ್ಯಾಶ್ ಒಳಗಿನ ಹಳೆಯ ಪುಟವನ್ನೇ ಮತ್ತೆ ತುಂಬಿಕೊಳ್ಳುತ್ತದೆ. “ಸರಿಮಾಡಿದೆ, ಆದರೂ ಹಳೆಯದೇ ಕಾಣ್ತಿದೆ” ಎನ್ನುವುದು ಹೆಚ್ಚಾಗಿ ಇದರಿಂದಲೇ.

ಈಗ ಪ್ರೈವೇಟ್ ವಿಂಡೋದಲ್ಲಿ ಸೈಟ್ ತೆರೆಯಿರಿ. ಮುಖಪುಟ, ಒಂದು ಹಳೆಯ ಬರಹ, ಹುಡುಕಾಟ ನೋಡಿ. ಸಂಪರ್ಕ ಫಾರ್ಮ್‌ನಲ್ಲಿ ನಿಜವಾಗಿಯೂ ಒಂದು ಸಂದೇಶ ಕಳಿಸಿ, ಅದು ಇಮೇಲ್‌ಗೆ ಬಂತೇ ಎಂದು ನೋಡಿ. ಫಾರ್ಮ್ ಕಂಡರೆ ಸಾಲದು, ಅಲ್ವಾ? ಕೊಳ್ಳುವ ಸೌಲಭ್ಯ ಇದ್ದರೆ ಕೊನೆಯ ಪುಟದವರೆಗೂ ಹೋಗಿ. ಮೊಬೈಲ್‌ನಲ್ಲಿ ಮೆನು ಒತ್ತಿ ನೋಡಿ.

## ಹಂತ 6: ಹೊಸ ಫೀಚರ್ ಏಕೆ ಕಾಣುತ್ತಿಲ್ಲ?

ಎಡಗಡೆ ಮೇಲಿನ ವರ್ಡ್‌ಪ್ರೆಸ್ ಲೋಗೋ ಒತ್ತಿದರೆ ಈ ವರ್ಷನ್‌ನಲ್ಲಿ ಏನು ಬಂದಿದೆ ಎಂಬ ಪುಟ ತೆರೆಯುತ್ತದೆ. ಅದನ್ನು ಓದಿ. ಅಲ್ಲಿ ಹೇಳಿದ್ದು ನಿಮ್ಮಲ್ಲಿ ಇಲ್ಲದಿದ್ದರೆ ಈ ಕಾರಣಗಳನ್ನು ಒಂದೊಂದಾಗಿ ನೋಡಿ.

ಥೀಮ್ ಜಾತಿ. ಇದೇ ದೊಡ್ಡ ಕಾರಣ. ಫಾಂಟ್ ಲೈಬ್ರರಿ 2024ರ ಏಪ್ರಿಲ್‌ನಲ್ಲಿ 6.5ರೊಂದಿಗೆ ಬಂದಾಗ ಬ್ಲಾಕ್ ಥೀಮ್‌ಗಳಿಗೆ ಮಾತ್ರ ಸಿಕ್ಕಿತು. ಅದು ಇದ್ದದ್ದು ಅಪಿಯರೆನ್ಸ್, ಎಡಿಟರ್, ಸ್ಟೈಲ್ಸ್, ಟೈಪೋಗ್ರಫಿ ಎಂಬ ದಾರಿಯಲ್ಲಿ. ಕ್ಲಾಸಿಕ್ ಥೀಮ್ ಇದ್ದವರು ಎಲ್ಲ ಮೆನು ಜಾಲಾಡಿದರೂ ಸಿಗಲಿಲ್ಲ. ಅವರ ಸೈಟ್‌ನಲ್ಲಿ ದೋಷವೇನೂ ಇರಲಿಲ್ಲ.

ಮೆನು, ವಿಜೆಟ್ ಮಾಯ. ಇದು ಅದೇ ಕಾರಣದ ಇನ್ನೊಂದು ಮುಖ. ಯಾರೋ ಬ್ಲಾಕ್ ಥೀಮ್‌ಗೆ ಬದಲಿಸುತ್ತಾರೆ. ಕೂಡಲೇ ವಿಜೆಟ್ಸ್ ಮತ್ತು ಮೆನುಸ್ ಎಂಬ ಸಾಲುಗಳು ಹೋಗುತ್ತವೆ, ಸಾಮಾನ್ಯವಾಗಿ ಕಸ್ಟಮೈಸ್ ಕೂಡ. ಹಳೆಯ ಮೆನು ಅಳಿಸಿಹೋಗಿಲ್ಲ, ಡೇಟಾಬೇಸ್‌ನಲ್ಲೇ ಇದೆ. ಎಡಿಟರ್ ತೆರೆದು ನ್ಯಾವಿಗೇಶನ್ ಬ್ಲಾಕ್ ಮೇಲೆ ಒತ್ತಿ. ಬಲಗಡೆ ಮೆನು ಆರಿಸುವ ಪಟ್ಟಿಯಲ್ಲಿ ಹಳೆಯ ಕ್ಲಾಸಿಕ್ ಮೆನು ತರುವ ಆಯ್ಕೆ ಸಿಗುತ್ತದೆ. ಹೊಸದಾಗಿ ಎಲ್ಲ ಕೊಂಡಿಗಳನ್ನು ಬರೆಯುತ್ತಾ ಕೂರಬೇಡಿ.

ಹೆಸರು ಬದಲಾಗಿದೆ. ಒಮ್ಮೆ ಮಾಡಿ ಹಲವು ಪುಟಗಳಲ್ಲಿ ಬಳಸುವ ರೀಯೂಸಬಲ್ ಬ್ಲಾಕ್ ಎಲ್ಲಿ ಹೋಯಿತು ಎಂದು ಈಗಲೂ ಕೇಳುತ್ತಾರೆ. 2023ರ ಆಗಸ್ಟ್‌ನಲ್ಲಿ 6.3 ಬಂದಾಗ ಅದರ ಹೆಸರು ಸಿಂಕ್ಡ್ ಪ್ಯಾಟರ್ನ್ ಎಂದಾಯಿತು. ನೀವು ಮಾಡಿಟ್ಟವು ಹಾಗೇ ಇವೆ, ಪ್ಯಾಟರ್ನ್‌ಗಳ ಜೊತೆ ಹುಡುಕಿ. ಸಿಂಕ್ಡ್ ಆದದ್ದನ್ನು ಒಂದು ಕಡೆ ತಿದ್ದಿದರೆ ಬಳಸಿದ ಎಲ್ಲ ಪುಟಗಳಲ್ಲೂ ಬದಲಾಗುತ್ತದೆ ಎಂಬುದನ್ನು ಮರೆಯಬೇಡಿ.

ಹಳೆಯ ಪ್ಲಗಿನ್ ಅಡ್ಡ ನಿಂತಿದೆ. 2018ರ ಕೊನೆಯಲ್ಲಿ 5.0ರೊಂದಿಗೆ ಬ್ಲಾಕ್ ಎಡಿಟರ್ ಬಂದಾಗ ಬಹಳ ಜನ ಹಳೆಯ ಎಡಿಟರ್ ಉಳಿಸುವ ಕ್ಲಾಸಿಕ್ ಎಡಿಟರ್ ಪ್ಲಗಿನ್ ಹಾಕಿಕೊಂಡರು, ಆಮೇಲೆ ಮರೆತರು. ಅದು ಇರುವವರೆಗೆ ಬರಹ ಬರೆಯುವ ಕಡೆ ಬ್ಲಾಕ್ ಎಡಿಟರ್‌ನ ಹೊಸದೇನೂ ಕಾಣುವುದಿಲ್ಲ. ಕ್ಲಾಸಿಕ್ ವಿಜೆಟ್ಸ್ ಪ್ಲಗಿನ್ ಕೂಡ ಹಾಗೆಯೇ. ತದ್ವಿರುದ್ಧವೂ ಉಂಟು: ಯಾರದೋ ವಿಡಿಯೋದಲ್ಲಿ ಕಂಡ ಫೀಚರ್ ಗುಟೆನ್‌ಬರ್ಗ್ ಪ್ಲಗಿನ್‌ನಲ್ಲಿ ಪ್ರಯೋಗದಲ್ಲಿರುವುದು, ವರ್ಡ್‌ಪ್ರೆಸ್‌ಗೆ ಇನ್ನೂ ಬಂದಿರುವುದಿಲ್ಲ.

ನಿಮಗೆ ಆ ಅಧಿಕಾರ ಇಲ್ಲ. ಎಡಿಟರ್ ಎಂಬ ಪಾತ್ರದಲ್ಲಿ ಲಾಗಿನ್ ಆದವರಿಗೆ ಸೈಟ್‌ನ ವಿನ್ಯಾಸ ತಿದ್ದಲು ಬರುವುದಿಲ್ಲ. ಅದಕ್ಕೆ ಅಡ್ಮಿನಿಸ್ಟ್ರೇಟರ್ ಆಗಿರಬೇಕು.

ಸರ್ವರ್ ಒಪ್ಪಬೇಕು. ಕಡಿಮೆ ಗಾತ್ರದ ಹೊಸ ಬಗೆಯ ಚಿತ್ರಗಳಲ್ಲಿ ವೆಬ್‌ಪಿ 5.8ರಿಂದ, ಎವಿಐಎಫ್ 6.5ರಿಂದ ಬಳಸಬಹುದು. ಆದರೆ ಸರ್ವರ್‌ನಲ್ಲಿರುವ ಚಿತ್ರದ ಲೈಬ್ರರಿಗೂ ಅದು ಬರಬೇಕು. ಸೈಟ್ ಹೆಲ್ತ್‌ನ ಇನ್ಫೋದಲ್ಲಿ ಮೀಡಿಯಾ ಹ್ಯಾಂಡ್ಲಿಂಗ್ ಎಂಬ ಭಾಗ ನೋಡಿ. ಅಲ್ಲಿ ಆ ಹೆಸರು ಇಲ್ಲದಿದ್ದರೆ ಹೋಸ್ಟಿಂಗ್‌ನವರನ್ನೇ ಕೇಳಬೇಕು.

ಬಟನ್ನೇ ಇಲ್ಲದ ಫೀಚರ್. 2025ರ 6.8ರಲ್ಲಿ ಸ್ಪೆಕ್ಯುಲೇಟಿವ್ ಲೋಡಿಂಗ್ ಬಂತು. ಓದುಗ ಕೊಂಡಿ ಒತ್ತುವ ಕ್ಷಣದಲ್ಲೇ ಬ್ರೌಸರ್ ಮುಂದಿನ ಪುಟ ತರಲು ಶುರುಮಾಡುತ್ತದೆ. ಇದಕ್ಕೆ ಸೆಟ್ಟಿಂಗ್ ಪುಟವಿಲ್ಲ. ಲಾಗಿನ್ ಆದವರಿಗೆ ಇದು ಕೆಲಸ ಮಾಡುವುದೂ ಇಲ್ಲ, ಹಾಗಾಗಿ ನೀವು ಲಾಗಿನ್ ಆಗಿ ನೋಡಿದರೆ ವ್ಯತ್ಯಾಸ ತಿಳಿಯದು. ಪಾಸ್‌ವರ್ಡ್ ಕಾಪಿಡುವ ವಿಧಾನವೂ ಅದೇ ವರ್ಷನ್‌ನಲ್ಲಿ ಬಿಕ್ರಿಪ್ಟ್ ಎಂಬ ಹೆಚ್ಚು ಭದ್ರವಾದ ಪದ್ಧತಿಗೆ ಬದಲಾಯಿತು. ಅದಕ್ಕೂ ನೀವು ಏನೂ ಮಾಡಬೇಕಿಲ್ಲ.

ಫೀಚರ್ ಸಿಕ್ಕಿತು ಎಂದುಕೊಳ್ಳಿ. ಅದನ್ನು ಬಳಸುವಾಗ ಆಗುವ ತಪ್ಪುಗಳೂ ಇವೆ. ಹೊಸ ಫೀಚರ್ ಆಸೆಗೆ ನಿಜವಾದ ಸೈಟ್‌ನಲ್ಲೇ ಬ್ಲಾಕ್ ಥೀಮ್ ಚಾಲೂ ಮಾಡಬೇಡಿ. 6.3ರಿಂದ ಬ್ಲಾಕ್ ಥೀಮನ್ನು ಚಾಲೂ ಮಾಡುವ ಮುಂಚೆಯೇ ಎಡಿಟರ್‌ನಲ್ಲಿ ತೆರೆದು ನೋಡಬಹುದು. ಹಳೆಯ ಬರಹಗಳಲ್ಲಿ “ಬ್ಲಾಕ್‌ಗಳಿಗೆ ಬದಲಿಸು” ಎಂಬ ಬಟನ್ ಕಂಡರೆ ಎಲ್ಲದರಲ್ಲೂ ಒತ್ತುತ್ತಾ ಹೋಗಬೇಡಿ. ಅವು ಕ್ಲಾಸಿಕ್ ಬ್ಲಾಕ್‌ನಲ್ಲಿ ಚೆನ್ನಾಗಿಯೇ ಇರುತ್ತವೆ.

ಇನ್ನೊಂದು ಗೊಂದಲ: “ಥೀಮ್ ಅಪ್‌ಡೇಟ್ ಆಯ್ತು, ಆದರೆ ಹೆಡರ್ ಹಳೆಯದೇ ಇದೆ.” ಬ್ಲಾಕ್ ಥೀಮ್‌ನಲ್ಲಿ ನೀವು ಎಡಿಟರ್‌ನಿಂದ ತಿದ್ದಿದ ಟೆಂಪ್ಲೇಟ್ (ಪುಟದ ಅಚ್ಚು) ಡೇಟಾಬೇಸ್‌ನಲ್ಲಿ ಉಳಿಯುತ್ತದೆ. ಥೀಮ್ ಫೈಲ್‌ಗಿಂತ ಅದಕ್ಕೇ ಮೊದಲ ಮಣೆ. ಥೀಮ್‌ನ ಹೊಸ ರೂಪ ಬೇಕಿದ್ದರೆ ಆ ಟೆಂಪ್ಲೇಟ್ ಪಕ್ಕದ ಮೂರು ಚುಕ್ಕಿ ಒತ್ತಿ ರೀಸೆಟ್ ಮಾಡಿ. ನಿಮ್ಮ ತಿದ್ದುಪಡಿ ಹೋಗುತ್ತದೆ, ಅದಕ್ಕೆ ಮೊದಲು ನಕಲು ಮಾಡಿಟ್ಟುಕೊಳ್ಳಿ.

## ಹಂತ 7: ಕೆಟ್ಟರೆ, ಲಕ್ಷಣ ನೋಡಿ ಮದ್ದು

“ನಿರ್ವಹಣೆ ನಡೆಯುತ್ತಿದೆ” ಎಂಬ ಸಾಲು ಹೋಗುತ್ತಿಲ್ಲ. ಅಪ್‌ಡೇಟ್ ಮಧ್ಯದಲ್ಲಿ ನಿಂತಿದೆ. 10 ನಿಮಿಷ ಕಾಯಿರಿ, ಸಾಮಾನ್ಯವಾಗಿ ತಾನೇ ಹೋಗುತ್ತದೆ. ಹೋಗದಿದ್ದರೆ ಕ್ಯಾಶ್ ಖಾಲಿ ಮಾಡಿ. ಆಮೇಲೆ ಫೈಲ್ ಮ್ಯಾನೇಜರ್‌ನಲ್ಲಿ ಅಡಗಿದ ಫೈಲ್‌ಗಳನ್ನು ತೋರಿಸುವ ಆಯ್ಕೆ ಆನ್ ಮಾಡಿ, ಚುಕ್ಕಿಯಿಂದ ಶುರುವಾಗುವ ಮೇಂಟೆನೆನ್ಸ್ ಹೆಸರಿನ ಫೈಲ್ ಅಳಿಸಿ. ನಂತರ ಅರ್ಧಕ್ಕೆ ನಿಂತ ಅಪ್‌ಡೇಟನ್ನು ಮತ್ತೆ ಮಾಡಿ.

“ಕ್ರಿಟಿಕಲ್ ಎರರ್” ಎಂಬ ಪುಟ. ಅಡ್ಮಿನ್ ಇಮೇಲ್ ನೋಡಿ. 2019ರ 5.2ರಿಂದ ವರ್ಡ್‌ಪ್ರೆಸ್ ಒಂದು ರಿಕವರಿ ಕೊಂಡಿ ಕಳಿಸುತ್ತದೆ, ಯಾವ ಪ್ಲಗಿನ್ ಅಥವಾ ಥೀಮ್ ತಪ್ಪಿತು ಎಂದೂ ಹೇಳುತ್ತದೆ. ಆ ಕೊಂಡಿಯಿಂದ ಒಳಗೆ ಹೋದರೆ ಕೆಟ್ಟ ಪ್ಲಗಿನ್ ನಿಮ್ಮ ಪಾಲಿಗೆ ಮಾತ್ರ ತಡೆದು ನಿಂತಿರುತ್ತದೆ. ಅದನ್ನು ಡಿಆಕ್ಟಿವೇಟ್ ಮಾಡಿ ಹೊರಬನ್ನಿ. ಕೊಂಡಿ ಸಾಮಾನ್ಯವಾಗಿ ಒಂದು ದಿನ ಮಾತ್ರ ನಡೆಯುತ್ತದೆ.

ಮೇಲ್ ಬರಲಿಲ್ಲ, ಡ್ಯಾಶ್‌ಬೋರ್ಡೂ ಇಲ್ಲ. ಫೈಲ್ ಮ್ಯಾನೇಜರ್‌ನಲ್ಲಿ ಡಬ್ಲ್ಯೂಪಿ-ಕಂಟೆಂಟ್ ಒಳಗಿನ ಪ್ಲಗಿನ್ಸ್ ಫೋಲ್ಡರ್ ತೆರೆಯಿರಿ. ಕೊನೆಗೆ ಅಪ್‌ಡೇಟ್ ಮಾಡಿದ ಪ್ಲಗಿನ್‌ನ ಫೋಲ್ಡರ್ ಹೆಸರು ಬದಲಿಸಿ. ಅದು ಯಾವುದೆಂದು ಗೊತ್ತಿಲ್ಲದಿದ್ದರೆ ಪ್ಲಗಿನ್ಸ್ ಫೋಲ್ಡರ್‌ನ ಹೆಸರನ್ನೇ ಬದಲಿಸಿ. ಸೈಟ್ ತೆರೆದರೆ ಡ್ಯಾಶ್‌ಬೋರ್ಡ್‌ನ ಪ್ಲಗಿನ್ ಪುಟಕ್ಕೆ ಒಮ್ಮೆ ಹೋಗಿ, ಎಲ್ಲ ನಿಂತ ಮೇಲೆ ಹಳೆಯ ಹೆಸರು ಕೊಡಿ. ಆಮೇಲೆ ಒಂದೊಂದಾಗಿ ಚಾಲೂ ಮಾಡುತ್ತಾ ಬನ್ನಿ.

ಪುಟ ಬರುತ್ತದೆ, ಒತ್ತಿದರೆ ಏನೂ ಆಗುವುದಿಲ್ಲ. ಸ್ಲೈಡರ್ ನಿಂತಿದೆ, ಮೆನು ತೆರೆಯುತ್ತಿಲ್ಲ. ಇದು ಜಾವಾಸ್ಕ್ರಿಪ್ಟ್ ದೋಷದ ಗುರುತು. 2020ರ ಆಗಸ್ಟ್‌ನಲ್ಲಿ 5.5 ಬಂದಾಗ ಜೆಕ್ವೆರಿ ಮೈಗ್ರೇಟ್ ಎಂಬ, ಹಳೆಯ ಜಾವಾಸ್ಕ್ರಿಪ್ಟ್ ಕೋಡ್ ಓಡಲು ನೆರವಾಗುವ ತುಣುಕನ್ನು ನಿಲ್ಲಿಸಿದರು. ಅದನ್ನೇ ನಂಬಿದ್ದ ಹಳೆಯ ಥೀಮ್‌ಗಳಲ್ಲಿ ಹೀಗೇ ಆಯಿತು. ಬ್ರೌಸರ್‌ನಲ್ಲಿ ಎಫ್12 ಒತ್ತಿ ಕನ್ಸೋಲ್ ನೋಡಿ. ಕೆಂಪು ಸಾಲಿನಲ್ಲಿರುವ ಫೈಲ್ ವಿಳಾಸದಲ್ಲಿ ಎಷ್ಟೋ ಸಲ ಪ್ಲಗಿನ್‌ನ ಹೆಸರೇ ಇರುತ್ತದೆ.

ಯಾವುದರಿಂದ ಎಂದೇ ತಿಳಿಯುತ್ತಿಲ್ಲ. ಹೆಲ್ತ್ ಚೆಕ್ ಆ್ಯಂಡ್ ಟ್ರಬಲ್‌ಶೂಟಿಂಗ್ ಎಂಬ ಪ್ಲಗಿನ್ ಹಾಕಿ. ಅದರ ಟ್ರಬಲ್‌ಶೂಟಿಂಗ್ ಮೋಡ್‌ನಲ್ಲಿ ಎಲ್ಲ ಪ್ಲಗಿನ್ ನಿಮಗೆ ಮಾತ್ರ ಆಫ್ ಆಗುತ್ತವೆ, ಓದುಗರಿಗೆ ಸೈಟ್ ಹಾಗೇ ಇರುತ್ತದೆ. ಅಪರಾಧಿಯನ್ನು ಹಿಡಿಯಲು ನನಗೆ ಇದಕ್ಕಿಂತ ಸುಲಭದ ದಾರಿ ಸಿಕ್ಕಿಲ್ಲ.

ಒಂದೇ ಪ್ಲಗಿನ್ ತಪ್ಪಿದರೆ ಅದರ ಹಳೆಯ ವರ್ಷನ್ ಹಾಕಿ. ವರ್ಡ್‌ಪ್ರೆಸ್.ಆರ್ಗ್ ತಾಣದಲ್ಲಿರುವ ಆ ಪ್ಲಗಿನ್‌ನ ಪುಟದಲ್ಲಿ ಅಡ್ವಾನ್ಸ್ಡ್ ವ್ಯೂ ತೆರೆದರೆ ಕೆಳಗೆ ಹಳೆಯ ವರ್ಷನ್‌ಗಳ ಪಟ್ಟಿ ಇರುತ್ತದೆ. ಇಡೀ ಸೈಟ್ ಹಿಂದಕ್ಕೆ ತರಬೇಕಾದರೆ ಫೈಲ್‌ಗಳನ್ನೂ ಡೇಟಾಬೇಸನ್ನೂ ಒಟ್ಟಿಗೆ, ಒಂದೇ ಬ್ಯಾಕಪ್‌ನಿಂದ ತನ್ನಿ. ಹಳೆಯ ಫೈಲ್, ಹೊಸ ಡೇಟಾಬೇಸ್ ಬೆರೆಸಿದರೆ ಇನ್ನೊಂದು ಹೊಸ ತೊಂದರೆ ಶುರು.

## ಹಂತ 8: ಸಹಾಯ ಕೇಳುವಾಗ

“ಸೈಟ್ ಕೆಲಸ ಮಾಡ್ತಿಲ್ಲ” ಎಂದಷ್ಟೇ ಬರೆದರೆ ಯಾರೂ ಏನೂ ಹೇಳಲಾರರು. ಕೊನೆಗೆ ಏನು ಬದಲಿಸಿದಿರಿ, ಎರರ್‌ನ ಮಾತುಗಳು ಅಕ್ಷರಶಃ ಏನು, ಥೀಮ್ ಬ್ಲಾಕೋ ಕ್ಲಾಸಿಕ್ಕೋ, ಪ್ರೈವೇಟ್ ವಿಂಡೋದಲ್ಲೂ ಹಾಗೇ ಇದೆಯೇ ಎಂದು ಬರೆಯಿರಿ. ಮೊದಲ ಹಂತದಲ್ಲಿ ಕಾಪಿ ಮಾಡಿಟ್ಟ ಸೈಟ್ ಹೆಲ್ತ್ ಮಾಹಿತಿ ಜೊತೆಗಿಡಿ. ಪಾಸ್‌ವರ್ಡ್ ಯಾರಿಗೂ ಬರೆದು ಕಳಿಸಬೇಡಿ.

ಸಹಾಯ ಮಾಡುವವರು ಎರರ್‌ಗಳನ್ನು ಬರೆದಿಡುವ ಡೀಬಗ್ ಲಾಗ್ ಆನ್ ಮಾಡಲು ಹೇಳಬಹುದು. ಎರರ್‌ಗಳು ಪುಟದ ಮೇಲೆ ಕಾಣದೆ ಫೈಲ್‌ಗೆ ಮಾತ್ರ ಹೋಗುವಂತೆ ಮಾಡಿಕೊಳ್ಳಿ. ಕೆಲಸ ಮುಗಿದ ಕೂಡಲೇ ಅದನ್ನು ಆಫ್ ಮಾಡಿ, ಲಾಗ್ ಫೈಲ್ ಅಳಿಸಿ. ಕೆಲವು ಸರ್ವರ್‌ಗಳಲ್ಲಿ ಆ ಫೈಲನ್ನು ಹೊರಗಿನವರೂ ತೆರೆದು ಓದಬಹುದು. ಸ್ಟೇಜಿಂಗ್ ನಕಲನ್ನೂ ಆಗಲೇ ತೆಗೆದುಬಿಡಿ. ಅಪ್‌ಡೇಟ್ ಮಾಡದೆ ಬಿಟ್ಟ ನಕಲು ಕಳ್ಳರಿಗೆ ತೆರೆದಿಟ್ಟ ಹಿತ್ತಿಲ ಬಾಗಿಲು. ಬ್ಯಾಕಪ್ ಮಾತ್ರ ಮುಂದಿನ ದೊಡ್ಡ ವರ್ಷನ್ ಬರುವವರೆಗೂ ಇರಲಿ.